ಚೀಲದೊಳಗಿನ ದಬ್ಬಳ

ನಮ್ಮ ಮನೆಯಲ್ಲಿ ತೋಟದ ಲೆಕ್ಕದ ಪುಸ್ತಕಗಳನ್ನಿಡುವ ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿದ್ದೇನೆ. ಬೆಂಗಳೂರಿನಲ್ಲಿ ಚೀನೀ ಭಾಷೆ ಕಲಿಯುತ್ತಿರುವ ನನ್ನ ತಂಗಿಯ ಮಗಳು ಹುತ್ತರಿ ಹಬ್ಬಕ್ಕೆ ಕೊಡಗಿಗೆ ಬಂದಿದ್ದಾಗ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕುಂಚ ಹಿಡಿದು ನಾಲ್ಕು ಅಕ್ಷರಗಳನ್ನು ಬರೆದು ಕೊಟ್ಟ ಹಾಳೆ ಅದು. ಸಹಕಾರ ಸಂಘವೊಂದರ ಆಡಳಿತ ಮಂಡಳಿಯಲ್ಲಿ ನಿರ್ದೇಶಕಿಯಾಗಿದ್ದ ನನ್ನ ಅವಧಿ ಮುಗಿದು ಆಗ ಕೆಲವೇ ತಿಂಗಳುಗಳಾಗಿದ್ದವು. "ದೊಡ್ಡಮ್ಮ, ನೀವು ಸಂಘದ ಸಂಗತಿ ಹೇಳಿಕೊಂಡಾಗಲೆಲ್ಲ ನನಗೆ ಈ ಮಾತು ನೆನಪಿಗೆ ಬರುತ್ತಿತ್ತು" ಎಂದಳು. ಅವಳು ಊರಿಗೆ ಹೊರಟುಹೋದ ಮೇಲೆಯೂ ಆ ಹಾಳೆ ಊಟದ ಮೇಜಿನ ಮೇಲೆ ನಾಲ್ಕಾರು ದಿನ ಬಿದ್ದಿತ್ತು. ಬಿಸಾಡಲು ಮನಸ್ಸಾಗದೆ, ದಿನವೂ ನನ್ನ ಕಣ್ಣಿಗೆ ಮಾತ್ರ ಬೀಳುವ ಜಾಗ ನೋಡಿ ಅಂಟಿಸಿದೆ.

ಆ ಅಕ್ಷರಗಳನ್ನು 'ರೆನ್ ರೆನ್ ವೇಯ್ ಶ್ಯೆನ್' ಎಂದು ಓದುತ್ತಾರೆ. ಮೊದಲ ಎರಡು ನಮ್ಮ ಕಿವಿಗೆ ಒಂದೇ ಎನ್ನಿಸಿದರೂ ಬರೆಯುವ ರೂಪ ಬೇರೆ, ಉಚ್ಚಾರದ ಏರಿಳಿತ ಬೇರೆ. ಒಂದಕ್ಕೆ 'ನೇಮಿಸು' ಎಂದೂ ಇನ್ನೊಂದಕ್ಕೆ 'ಮನುಷ್ಯ' ಎಂದೂ ಅರ್ಥ. ಮೂರನೆಯದು 'ಮಾತ್ರ'. ನಾಲ್ಕನೆಯದಾದ 'ಶ್ಯೆನ್' ಎಂಬುದಕ್ಕೆ ಬರೀ ಬುದ್ಧಿವಂತ ಎಂದರೆ ಸಾಲದು. ಕೆಲಸ ಬಲ್ಲ, ನಡತೆಯೂ ನೆಟ್ಟಗಿರುವ ವ್ಯಕ್ತಿ ಎಂದರ್ಥ. ನಮ್ಮ 'ಯೋಗ್ಯ' ಎಂಬ ಪದ ಅದಕ್ಕೆ ಹತ್ತಿರ ಬರುತ್ತದೆ. ಒಟ್ಟಿನಲ್ಲಿ, ಯೋಗ್ಯರಾದವರನ್ನು ಮಾತ್ರ ಅಧಿಕಾರದಲ್ಲಿ ಕೂರಿಸಬೇಕು ಎಂಬುದು ಆ ನುಡಿಗಟ್ಟಿನ ತಾತ್ಪರ್ಯ. ಚೀನೀ ಭಾಷೆಯಲ್ಲಿ ಇಂತಹ ನುಡಿಗಟ್ಟುಗಳಿಗೆ 'ಚೆಂಗ್‌ಯೂ' ಎನ್ನುತ್ತಾರೆ. ಬಹುಪಾಲು ನಾಲ್ಕೇ ಅಕ್ಷರಗಳವು, ಹಲವಕ್ಕೆ ಹಿನ್ನೆಲೆಯಾಗಿ ಒಂದೊಂದು ಹಳೆಯ ಕಥೆ ಇರುತ್ತದೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದರ ಜೋಡಿ ಮಾತು. ಕೊನೆಯ ಅಕ್ಷರವೊಂದನ್ನು ತೆಗೆದು ಆ ಜಾಗದಲ್ಲಿ ನೆಂಟರು ಎಂಬರ್ಥದ 'ಚಿನ್' ಎಂಬ ಅಕ್ಷರವನ್ನಿಟ್ಟರೆ, ಮೊದಲ ಮೂರು ಅಕ್ಷರಗಳು ಹಾಗೆಯೇ ಉಳಿದು, ತನ್ನವರನ್ನು ಮಾತ್ರ ನೇಮಿಸುವುದು ಎಂಬ ತದ್ವಿರುದ್ಧ ಅರ್ಥ ಬಂದುಬಿಡುತ್ತದೆ. ನೇಮಕಾತಿಯ ಅರ್ಜಿ, ಸಭೆ, ಠರಾವು, ಸಹಿ ಎಲ್ಲವೂ ಎರಡು ಕಡೆಯೂ ಒಂದೇ ರೀತಿ ಇರುತ್ತವೆ ಎಂಬುದನ್ನು ಮಂಡಳಿಯಲ್ಲಿ ಕುಳಿತು ಬಂದ ನಾನು ಚೆನ್ನಾಗಿ ಬಲ್ಲೆ.

ಈ ಮಾತಿನ ಬೇರು ಚೀನಾದ ಪ್ರಾಚೀನ ರಾಜಶಾಸನಗಳ ಸಂಗ್ರಹದಲ್ಲಿದೆ. ಶಾಂಗ್ ವಂಶದ ಎಳೆಯ ಅರಸನಿಗೆ ಯಿ ಯಿನ್ ಎಂಬ ಮಂತ್ರಿ ಹೇಳಿದ ಬುದ್ಧಿಮಾತಿನ ರೂಪದಲ್ಲಿ ಅದು ಅಲ್ಲಿ ಬರುತ್ತದೆ. ಆ ಯಿ ಯಿನ್ ಮೊದಲು ರಾಣಿಯೊಬ್ಬಳ ತವರಿನಿಂದ ಬಳುವಳಿಯ ಆಳಾಗಿ ಬಂದ ಅಡುಗೆಯವನು ಎಂದು ಅವರ ಪರಂಪರೆ ಹೇಳುತ್ತದೆ.

ಆದರೆ ನನಗೆ ಇದೆಲ್ಲಕ್ಕಿಂತ ಹತ್ತಿರವಾದದ್ದು ಚಿ ಶಿ ಎಂಬ ಮುದುಕನ ಕಥೆ. ಕ್ರಿ.ಪೂ. 570ರಲ್ಲಿ ಜಿನ್ ಎಂಬ ರಾಜ್ಯದಲ್ಲಿ ಸೇನೆಯ ದೊಡ್ಡ ಹುದ್ದೆಯಲ್ಲಿದ್ದ ಈತ ವಯಸ್ಸಾಯಿತೆಂದು ನಿವೃತ್ತಿ ಬೇಡಿದ. ದೊರೆ ದಾವೋ ಇನ್ನೂ ಹದಿಹರೆಯದವನು. ನಿನ್ನ ಜಾಗಕ್ಕೆ ಯಾರಾಗಬಹುದು ಎಂದು ಅವನು ಕೇಳಿದಾಗ, ಚಿ ಶಿ ಹೇಳಿದ್ದು ಶ್ಯೆ ಹು ಎಂಬವನ ಹೆಸರನ್ನು. ಶ್ಯೆ ಹು ಇವನ ಹಗೆ. ಅದು ಊರಿಗೇ ಗೊತ್ತಿದ್ದ ಸಂಗತಿ. ನೇಮಕವಾಗುವ ಹೊತ್ತಿಗೆ ಆ ಮನುಷ್ಯ ತೀರಿಕೊಂಡ. ದೊರೆ ಮತ್ತೆ ಕೇಳಿದ. ಈ ಸಲ ಚಿ ಶಿ, "ವೂ ಆದಾನು" ಎಂದ. ವೂ ಇವನ ಸ್ವಂತ ಮಗ. ಅದೇ ಹೊತ್ತಿನಲ್ಲಿ ಇವನ ಕೈಕೆಳಗಿನ ಅಧಿಕಾರಿಯೂ ಸತ್ತಿದ್ದರಿಂದ ಆ ಸ್ಥಾನಕ್ಕೆ ಯಾರು ಎಂಬ ಪ್ರಶ್ನೆ ಬಂತು. ಸತ್ತವನ ಮಗನೇ ಆದಾನು ಎಂದ. ಹಗೆಯ ಹೆಸರು ಹೇಳಿದ್ದರಲ್ಲಿ ಮುಖಸ್ತುತಿಯಿಲ್ಲ, ಮಗನ ಹೆಸರು ಹೇಳಿದ್ದರಲ್ಲಿ ಪಕ್ಷಪಾತವಿಲ್ಲ, ಕೈಕೆಳಗಿನವನ ಮನೆಯವರ ಹೆಸರು ಹೇಳಿದ್ದರಲ್ಲಿ ಗುಂಪುಗಾರಿಕೆಯಿಲ್ಲ ಎಂದು ಚೀನಾದ ಹಳೆಯ ಇತಿಹಾಸಕಾರರು ಈ ಮೂರೂ ಶಿಫಾರಸುಗಳನ್ನು ಒಟ್ಟಿಗೆ ಮೆಚ್ಚಿಕೊಂಡಿದ್ದಾರೆ.

ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರಂತೆ. ಅದರ ಮುಂದಿನ ಭಾಗ ನನಗೆ ಇನ್ನೂ ದೊಡ್ಡದೆನ್ನಿಸಿತು. 18 ವರ್ಷಗಳ ನಂತರ, ಕ್ರಿ.ಪೂ. 552ರಲ್ಲಿ, ಅದೇ ರಾಜ್ಯದ ಶು ಶ್ಯಾಂಗ್ ಎಂಬ ವಿದ್ವಾಂಸ ತಮ್ಮನೊಬ್ಬನ ಅಪರಾಧದ ನೆಪದಲ್ಲಿ ಸೆರೆಗೆ ಬಿದ್ದ. ದೊರೆಗೆ ಬೇಕಾದವನೊಬ್ಬ ಬಂದು ನಿನಗಾಗಿ ಮಾತನಾಡುತ್ತೇನೆ ಎಂದರೆ ಶು ಶ್ಯಾಂಗ್ ತಿರುಗಿಯೂ ನೋಡಲಿಲ್ಲ. ಹೊರಗೆ ಹಗೆಯನ್ನೂ ಒಳಗೆ ಮಗನನ್ನೂ ಬಿಡದೆ ಗುರುತಿಸಿದ ಆ ಚಿ ಶಿ ನನ್ನೊಬ್ಬನನ್ನು ಬಿಟ್ಟಾನೆಯೇ, ಬಿಡಿಸುವವನಿದ್ದರೆ ಅವನೇ ಎಂದ. ಹಾಗೆಯೇ ಆಯಿತು. ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ ಸುದ್ದಿ ಕೇಳಿದವನೇ ಅಂಚೆಯ ಗಾಡಿ ಹತ್ತಿ ರಾಜಧಾನಿಗೆ ಬಂದು, ಅಧಿಕಾರದಲ್ಲಿದ್ದ ಮಂತ್ರಿಗೆ ತಿಳಿಹೇಳಿ, ಆ ಮಂತ್ರಿಯ ಜೊತೆ ಒಂದೇ ಗಾಡಿಯಲ್ಲಿ ದೊರೆಯ ಬಳಿಗೆ ಹೋಗಿ ಬಿಡುಗಡೆ ಮಾಡಿಸಿದ. ಆಮೇಲೆ ಶು ಶ್ಯಾಂಗನ ಮುಖವನ್ನೂ ನೋಡದೆ ಊರಿಗೆ ಹಿಂದಿರುಗಿದ. ಶು ಶ್ಯಾಂಗನೂ ಅವನ ಮನೆಗೆ ಹೋಗಿ ಕೃತಜ್ಞತೆ ಹೇಳಲಿಲ್ಲ. ನೇರವಾಗಿ ತನ್ನ ಕೆಲಸಕ್ಕೆ ಹೋದ. ಇಬ್ಬರ ನಡುವೆ ಋಣದ ಮಾತೇ ಏಳಲಿಲ್ಲ. ಮಾಡಿದ್ದು ರಾಜ್ಯಕ್ಕಾಗಿ, ಆದ್ದರಿಂದ ಯಾರಿಗೆ ಯಾರೂ ಕೈಮುಗಿಯಬೇಕಾಗಿರಲಿಲ್ಲ. ನಮ್ಮಲ್ಲಿ ಒಂದು ಕೆಲಸ ಕೊಡಿಸಿದವರ ಮನೆಯ ಮದುವೆಯಲ್ಲಿ ಪಂಕ್ತಿಗೆ ಬಡಿಸುವುದರಿಂದ ಹಿಡಿದು ಚುನಾವಣೆಯ ದಿನ ಮತ ಹಾಕುವವರೆಗೆ ಆ ಋಣ ಬೆನ್ನು ಬಿಡುವುದಿಲ್ಲ. ಹಾಗಿರುವಾಗ ಆ ಮುದುಕ ಮುಖ ತೋರಿಸದೆ ಗಾಡಿ ತಿರುಗಿಸಿದ್ದು ನನ್ನ ಕಣ್ಣ ಮುಂದೆ ಎಷ್ಟೋ ರಾತ್ರಿ ಬಂದಿದೆ.

ಬರಲು ಕಾರಣವಿದೆ. ಸಂಘದಲ್ಲಿ ನಾನು ಮಹಿಳಾ ಮೀಸಲು ಸ್ಥಾನದಿಂದ ಆಯ್ಕೆಯಾಗಿದ್ದೆ. ಅಲ್ಲಿಯ ಗೋದಾಮಿನಲ್ಲಿ ಒಬ್ಬ ಗುಮಾಸ್ತನಿದ್ದ. ಗೊಬ್ಬರ, ಸುಣ್ಣ, ಮೈಲುತುತ್ತದ ದಾಸ್ತಾನು ವರ್ಷದ ಕೊನೆಯಲ್ಲಿ ಒಂದು ಚೀಲವೂ ಹೆಚ್ಚುಕಡಿಮೆಯಾಗದಂತೆ ಇಟ್ಟವನು. ಯಾವ ಬೆಳೆಗಾರರು ಸುಣ್ಣ, ಮೈಲುತುತ್ತ ಎರಡನ್ನೂ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ ಒಯ್ದು ಸುಣ್ಣ ಮರೆತರು ಎಂಬುದೂ ಅವನಿಗೆ ನೆನಪಿರುತ್ತಿತ್ತು. ಮರುದಿನ ಹೇಳಿ ಕಳುಹಿಸುತ್ತಿದ್ದ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಗಳಲ್ಲಿ ಗುಡ್ಡಗಳು ಜರಿದು ಊರಿಗೆ ಊರೇ ಮನೆ ಬಿಟ್ಟು ಹೊರಟ ಆ ದಿನಗಳಲ್ಲಿ, ಸಂಘದ ಕಟ್ಟಡದ ಹಿಂದಿನ ಗುಡ್ಡದ ಬರೆ ಜರಿಯತೊಡಗಿದ್ದನ್ನು ಮೊದಲು ಕಂಡವನು ಅವನೇ. ಸಾಲದ ಲೆಡ್ಜರು, ಷೇರಿನ ರಿಜಿಸ್ಟರು, ಅಡವು ಪತ್ರಗಳ ಕಟ್ಟು ಎಲ್ಲವನ್ನೂ ಗೊಬ್ಬರದ ಚೀಲಗಳ ಒಳಪದರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಾಳೆನಾರಿನಿಂದ ಕಟ್ಟಿ, ಆ ಸುರಿಯುವ ಮಳೆಯಲ್ಲಿ ಮೂರು ಸಲ ಹತ್ತಿಳಿದು ಮೇಲಿನ ರಸ್ತೆಯ ಮನೆಯೊಂದರ ಅಟ್ಟಕ್ಕೆ ಸಾಗಿಸಿದ. ಕಟ್ಟಡದ ಹಿಂದಿನ ಕೋಣೆಗೆ ಮಣ್ಣು ನುಗ್ಗಿದರೂ ಸಂಘದ ಒಂದು ಹಾಳೆಯೂ ನೆನೆಯಲಿಲ್ಲ.

ಕೆಲವು ವರ್ಷಗಳ ನಂತರ ಮೇಲಿನ ಹುದ್ದೆಯೊಂದು ತೆರವಾಯಿತು. ಅವನಿಗೆ ಓದಿತ್ತು, ಅನುಭವವಿತ್ತು, ಅರ್ಜಿಯನ್ನೂ ಹಾಕಿದ್ದ. ಹಿರಿಯ ನಿರ್ದೇಶಕರೊಬ್ಬರ ಸೋದರಳಿಯನೂ ಅರ್ಜಿ ಹಾಕಿದ್ದ. ಅವನಿಗೆ ಸಂಘದ ಬಾಗಿಲು ಯಾವ ದಿಕ್ಕಿಗಿದೆ ಎಂಬುದೂ ಹೊಸದು. ಸಭೆಯಲ್ಲಿ ಯಾರೂ ಗುಮಾಸ್ತನನ್ನು ತೆಗಳಲಿಲ್ಲ. ಬದಲಿಗೆ ಎಲ್ಲರೂ ಹೊಗಳಿದರು. "ಅವನಷ್ಟು ಚೊಕ್ಕವಾಗಿ ಗೋದಾಮು ನೋಡುವವರು ಮತ್ತೆ ಸಿಕ್ಕುವುದಿಲ್ಲ, ಅವನು ಅಲ್ಲೇ ಇರಲಿ" ಎಂದರು ಒಬ್ಬರು. "ಇವನಾದರೆ ನಮ್ಮ ಹುಡುಗ, ನಾಳೆ ಹೇಳಿದ ಮಾತು ಕೇಳುತ್ತಾನೆ" ಎಂದರು ಇನ್ನೊಬ್ಬರು. ಕೆಲಸ ಚೆನ್ನಾಗಿ ಮಾಡಿದ್ದೇ ಒಬ್ಬನನ್ನು ಅಲ್ಲಿಯೇ ಕೂಡಿಹಾಕಲು ಕಾರಣವಾಗುವುದನ್ನು ನಾನು ಅಂದು ಕಣ್ಣಾರೆ ಕಂಡೆ. ಹಿತ್ತಲ ಗಿಡ ಮದ್ದಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಕುರುಡನ್ನು ಕಂಡೇ ಇರಬೇಕು. ನಾನು ಬಾಯಿ ತೆರೆಯಲಿಲ್ಲ. ಆ ಹಿರಿಯರು ನಮ್ಮ ಮನೆಯ ಕಷ್ಟದಲ್ಲಿ ನಿಂತವರು. ಅವರ ಎದುರು ಮಾತನಾಡುವುದು ಹೇಗೆ ಎಂಬ ದಾಕ್ಷಿಣ್ಯ. ನಡಾವಳಿ ಪುಸ್ತಕ ನನ್ನ ಮುಂದೆ ಬಂದಾಗ 'ಸರ್ವಾನುಮತದಿಂದ' ಎಂದು ಬರೆದಿದ್ದ ಸಾಲಿನ ಕೆಳಗೆ ಸಹಿ ಹಾಕಿದೆ. ಗುಮಾಸ್ತ ಆರು ತಿಂಗಳಲ್ಲಿ ಕೆಲಸ ಬಿಟ್ಟು ಬೇರೆ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿಕೊಂಡ. ಹೋಗುವ ದಿನ ನನ್ನ ಮನೆಗೂ ಬಂದು ಹೇಳಿ ಹೋದ. ಕಾಫಿ ಕುಡಿದು ಲೋಟ ಕೆಳಗಿಡುವಾಗ, "ನೀವಾದರೂ ಒಂದು ಮಾತು ಹೇಳುತ್ತೀರಿ ಅಂದುಕೊಂಡಿದ್ದೆ ಮೇಡಂ" ಎಂದ. ಶು ಶ್ಯಾಂಗ್ ಸೆರೆಯಲ್ಲಿ ಕುಳಿತು ಚಿ ಶಿಯನ್ನು ನಂಬಿದ್ದನೆಂಬುದನ್ನು ಓದುವಾಗಲೆಲ್ಲ ನನಗೆ ಆ ಮಾತು ಕೇಳಿಸುತ್ತದೆ.

ಇಂತಹ ದಾಕ್ಷಿಣ್ಯಕ್ಕೆ ಚೀನೀಯರು ಕಂಡುಕೊಂಡ ಮದ್ದು ಪರೀಕ್ಷೆ. 7ನೇ ಶತಮಾನದ ಆರಂಭದಿಂದ 1905ರವರೆಗೆ, ನಡುವೆ ಬಿಟ್ಟುಬಿಟ್ಟು ಆದರೂ, ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯಿಂದ ಆರಿಸುವ ಪದ್ಧತಿ ಅಲ್ಲಿತ್ತು. ಸೋಂಗ್ ವಂಶದ ಕಾಲದಲ್ಲಿ ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಅಷ್ಟು ಸಾಲದೆಂದು, ಕೈಬರಹದ ಗುರುತೂ ಹತ್ತದಿರಲೆಂದು, ಇಡೀ ಪತ್ರಿಕೆಯನ್ನು ನಕಲುಗಾರರಿಂದ ಮತ್ತೊಮ್ಮೆ ಬರೆಸಿ ಆ ನಕಲನ್ನು ಮಾತ್ರ ಪರೀಕ್ಷಕರ ಕೈಗೆ ಕೊಡುತ್ತಿದ್ದರು. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ವರ್ಷಗಟ್ಟಲೆ ಕುಳಿತು ಓದಲು ಮನೆಯಲ್ಲಿ ಅನುಕೂಲವೂ ಬೇಕಿತ್ತು. ಆದರೂ ನೆಂಟಸ್ತಿಕೆ ಎಷ್ಟು ಸಣ್ಣ ಕಿಂಡಿಯಲ್ಲಿ ನುಸುಳುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಅರಿತು ಕಿಂಡಿ ಮುಚ್ಚಿದವರು ಕಡಿಮೆ.

ನೆಂಟಸ್ತಿಕೆಯನ್ನು ನಾನು ಕೆಟ್ಟದ್ದೆಂದು ಹೇಳುತ್ತಿಲ್ಲ. ಕೊಡಗಿನಲ್ಲಿ ಒಕ್ಕ ಎಂಬ ಮನೆತನ, ಐನ್‌ಮನೆ ಎಂಬ ಪೂರ್ವಿಕರ ಮನೆ, ಕಾರಣವರೆಂಬ ಹಿರಿಯರ ನೆನಪು ಇವುಗಳನ್ನು ಬಿಟ್ಟರೆ ಬದುಕೇ ಇಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಮನೆತನಗಳ ತಂಡಗಳೊಂದಿಗೆ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿದ್ದವು. ಅಲ್ಲಿ ಆಡಬೇಕಾದರೆ ಆ ಮನೆತನದವರೇ ಆಗಿರಬೇಕು, ಅದೇ ಹಬ್ಬದ ಸೊಗಸು. ಹಾಗಿದ್ದರೂ ಪಂದ್ಯ ಬಿರುಸಾದ ಹೊತ್ತಿನಲ್ಲಿ, ಗೋಲಿನ ಮುಂದೆ ಯಾರನ್ನು ನಿಲ್ಲಿಸಬೇಕೆಂದು ಬಂದಾಗ, ದೊಡ್ಡಪ್ಪನ ಮಗನೋ ಚಿಕ್ಕಪ್ಪನ ಮಗನೋ ಎಂದು ಯಾವ ಮನೆತನವೂ ನೋಡುವುದಿಲ್ಲ, ಚೆಂಡು ತಡೆಯಬಲ್ಲವನು ಯಾರು ಎಂದಷ್ಟೇ ನೋಡುತ್ತದೆ. ಮೈದಾನದಲ್ಲಿ ನಮಗೆ ಗೊತ್ತಿರುವ ಈ ನಡೆ ಸಂಘದ ಸಭೆಯ ಮೇಜಿನ ಬಳಿ ಏಕೆ ಮರೆತುಹೋಗುತ್ತದೆ?

ಕೊಡಗಿನವರಾದ ನಮಗೆ ಈ ವಿಷಯದಲ್ಲಿ ಮರೆಯಬಾರದ ಇನ್ನೊಂದು ನೆನಪಿದೆ. ಮಡಿಕೇರಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ 'ಸನ್ನಿಸೈಡ್' ಮನೆಯ ಮಗ ಜನರಲ್ ಕೆ. ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ದೇಶದ ಸೇನಾ ಮುಖ್ಯಸ್ಥರಾಗಿದ್ದರು. 1959ರ ಆಗಸ್ಟ್ 31ರಂದು ಅವರು ಪ್ರಧಾನಿ ನೆಹರೂ ಅವರಿಗೆ ರಾಜೀನಾಮೆ ಕೊಟ್ಟರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯಗಳಲ್ಲಿ ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯ ಮುಖ್ಯವಾದದ್ದು, ಬಿ. ಎಂ. ಕೌಲ್ ಅವರನ್ನು ಲೆಫ್ಟಿನೆಂಟ್ ಜನರಲ್ ಹುದ್ದೆಗೆ ಏರಿಸಿದ್ದು ತಿಮ್ಮಯ್ಯನವರ ಸಲಹೆಗೆ ವಿರುದ್ಧವಾಗಿತ್ತು. ನೆಹರೂ ಅವರ ಒತ್ತಾಯಕ್ಕೆ ಮಣಿದು ಅವರು ರಾಜೀನಾಮೆಯನ್ನು ಹಿಂದಕ್ಕೆ ಪಡೆದರು. 1962ರ ಅಕ್ಟೋಬರಿನಲ್ಲಿ ಈಶಾನ್ಯ ಗಡಿಯ ಹೊಣೆ ಹೊತ್ತ ದಳದ ನಾಯಕತ್ವವನ್ನು ಕೌಲ್ ಅವರಿಗೇ ವಹಿಸಲಾಯಿತು, ಮತ್ತು ಚೀನಾದೊಂದಿಗಿನ ಆ ಯುದ್ಧ ಹೇಗೆ ಮುಗಿಯಿತೆಂಬುದು ಎಲ್ಲರಿಗೂ ಗೊತ್ತು. ಸೋಲಿಗೆ ಕಾರಣಗಳು ಹಲವು, ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾನು ಹೇಳುವುದಿಷ್ಟೇ: ಯಾರನ್ನು ಯಾವ ಜಾಗದಲ್ಲಿ ಕೂರಿಸಬೇಕೆಂಬ ಪ್ರಶ್ನೆಗಾಗಿ ನಮ್ಮೂರಿನವರೊಬ್ಬರು ತಮ್ಮ ಅತ್ಯುನ್ನತ ಹುದ್ದೆಯನ್ನೇ ಪಣಕ್ಕಿಟ್ಟಿದ್ದರು, ಮತ್ತು ನಾನು ಒಂದು ಗೋದಾಮಿನ ಗುಮಾಸ್ತನಿಗಾಗಿ ಒಂದು ಮಾತನ್ನೂ ಪಣಕ್ಕಿಡಲಿಲ್ಲ.

ತಂಗಿಯ ಮಗಳು ಮರುವರ್ಷ ಬಂದಾಗ ಇನ್ನೊಂದು ಕಥೆ ಹೇಳಿದಳು. ಆ ಕಥೆ ನಮ್ಮ ತೋಟದ ಕಡೆಗೆ ನನ್ನ ಕಣ್ಣು ತಿರುಗಿಸಿತು. ಕ್ರಿ.ಪೂ. 257ರ ಸುಮಾರಿನಲ್ಲಿ ಚಿನ್ ರಾಜ್ಯದ ಸೈನ್ಯ ಜಾವೋ ರಾಜ್ಯದ ರಾಜಧಾನಿಯನ್ನು ಮುತ್ತಿತ್ತು. ಚೂ ರಾಜ್ಯದ ನೆರವು ಬೇಡಲು ಹೊರಟ ಪಿಂಗ್‌ಯುವಾನ್ ಎಂಬ ಪ್ರಭು ತನ್ನ ಆಶ್ರಯದಲ್ಲಿದ್ದವರಲ್ಲಿ 20 ಮಂದಿಯನ್ನು ಆರಿಸಬೇಕೆಂದಿದ್ದ. 19 ಮಂದಿ ಸಿಕ್ಕಿದರು, 20ನೆಯವನು ಸಿಕ್ಕಲಿಲ್ಲ. ಆಗ ಮಾವೋ ಸುಯ್ ಎಂಬವನು ತಾನೇ ಎದ್ದು ನಿಂತು ನನ್ನನ್ನು ಕರೆದುಕೊಂಡು ಹೋಗಿ ಎಂದ. ನೀನು ಇಲ್ಲಿ ಎಷ್ಟು ವರ್ಷದಿಂದ ಇದ್ದೀಯೆ ಎಂದು ಪ್ರಭು ಕೇಳಿದ. ಮೂರು ವರ್ಷ ಎಂಬ ಉತ್ತರ ಬಂದಾಗ ಅವನು ಹೇಳಿದ ಮಾತು ಇದು: ಯೋಗ್ಯನಾದವನು ಲೋಕದಲ್ಲಿ ಇರುವುದು ಚೀಲದೊಳಗೆ ದಬ್ಬಳ ಇದ್ದ ಹಾಗೆ, ಅದರ ಮೊನೆ ತಕ್ಷಣ ಹೊರಗೆ ಕಾಣುತ್ತದೆ. ಮೂರು ವರ್ಷವಾದರೂ ನಿನ್ನ ಹೆಸರನ್ನು ಯಾರೂ ನನ್ನ ಬಳಿ ಹೇಳಲಿಲ್ಲವೆಂದರೆ ನಿನ್ನಲ್ಲಿ ಏನೂ ಇಲ್ಲವೆಂದೇ ಅರ್ಥ. ಮಾವೋ ಸುಯ್ ಅದಕ್ಕೆ ಕೊಟ್ಟ ಉತ್ತರ: ನನ್ನನ್ನು ಚೀಲದೊಳಗೆ ಹಾಕಿ ಎಂದು ಇವತ್ತು ಕೇಳುತ್ತಿದ್ದೇನೆ. ಮೊದಲೇ ಹಾಕಿದ್ದರೆ ಮೊನೆಯಲ್ಲ, ಇಡೀ ದಬ್ಬಳವೇ ಹೊರಗೆ ಬಂದಿರುತ್ತಿತ್ತು.

ಕಥೆಯಲ್ಲಿರುವುದು ಚಮ್ಮಾರರು ತೂತು ಕೊರೆಯುವ ಉಳಿಯಂತಹ ಉಪಕರಣ. ಗೋಣಿಚೀಲ ಹೊಲಿಯುವ ದಬ್ಬಳ ನಮ್ಮ ಕಣದಲ್ಲಿ ದಿನವೂ ಕಾಣುವ ವಸ್ತುವಾದ್ದರಿಂದ ನನ್ನ ಮನಸ್ಸಿನಲ್ಲಿ ಅದು ಹಾಗೆಯೇ ನಿಂತುಬಿಟ್ಟಿದೆ. ಚೂ ರಾಜ್ಯದ ಆಸ್ಥಾನದಲ್ಲಿ ಬೆಳಗಿನಿಂದ ನಡುಹಗಲವರೆಗೆ ಮಾತು ನಡೆದರೂ ಒಪ್ಪಂದವಾಗದಿದ್ದಾಗ ಮಾವೋ ಸುಯ್ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿ ಹೋಗಿ ಅರಸನನ್ನು ಒಪ್ಪಿಸಿದ. ಹಿಂದಿರುಗಿದ ಮೇಲೆ ಪಿಂಗ್‌ಯುವಾನ್, ನೂರಾರು ಜನರ ಯೋಗ್ಯತೆ ಅಳೆದೆನೆಂದುಕೊಂಡಿದ್ದ ನಾನು ಇವನನ್ನು ಕಾಣದೆ ಹೋದೆ, ಇನ್ನು ಮೇಲೆ ಮನುಷ್ಯರನ್ನು ಅಳೆಯುವ ಧೈರ್ಯ ಮಾಡಲಾರೆ ಎಂದನಂತೆ. ಪ್ರತಿಭೆ ಇದ್ದರೆ ತಾನಾಗಿಯೇ ಬೆಳಕಿಗೆ ಬರುತ್ತದೆ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಚೀಲ ಕೈಯಲ್ಲಿರುವವರಿಗೆ ಅದಕ್ಕಿಂತ ಸುಲಭವಾದ ಸಮಾಧಾನ ಬೇರೊಂದಿಲ್ಲ.

ನನ್ನವರು ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅದರಲ್ಲಿ 12 ಎಕರೆ ಅರೇಬಿಕಾ ಕಾಫಿ. ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕವೆಂದರೆ ಏನೆಂದು ಹೇಳಬೇಕಾಗಿಲ್ಲ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡವನ್ನು ಕೊರೆದುಕೊಂಡು ಒಳಗೆ ಸೇರುತ್ತದೆ, ಹೊರಗಿನಿಂದ ಕಾಣುವುದು ತೊಗಟೆಯ ಮೇಲಿನ ಸಣ್ಣ ಉಬ್ಬುಗೆರೆಗಳು ಮತ್ತು ಹಳದಿಗೆ ತಿರುಗುವ ಎಲೆ ಮಾತ್ರ. ದುಂಬಿಗಳು ಹೊರಬೀಳುವುದು ಏಪ್ರಿಲ್-ಮೇಯಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇನ್ನೊಮ್ಮೆ. ಅದಕ್ಕೆ ಮುಂಚೆ, ಮಾರ್ಚಿನಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಸಾಲುಸಾಲಾಗಿ ನಡೆದು ರೋಗದ ಗಿಡಗಳನ್ನು ಗುರುತಿಸಿ, ಕಿತ್ತು ಸುಡಬೇಕು. ಗುರುತಿಸುವ ಕಣ್ಣು ತಪ್ಪಿದರೆ ಒಂದು ಗಿಡದ ಹುಳು ಮುಂದಿನ ಹಂಗಾಮಿಗೆ ಇಡೀ ಸಾಲಿನ ಹುಳುವಾಗುತ್ತದೆ.

ಈ ಕೆಲಸವನ್ನು ಮೊದಲಿನಿಂದಲೂ ಮೇಸ್ತ್ರಿ ಮಾಡುತ್ತಿದ್ದರು. ಹಳೆಯ ಸೀರೆಯನ್ನು ಹರಿದು ಮಾಡಿದ ಪಟ್ಟಿಗಳನ್ನು ಹಿಡಿದುಕೊಂಡು ಅವರ ಹಿಂದೆ ನಡೆದು, ಅವರು ತೋರಿಸಿದ ಗಿಡಕ್ಕೆ ಕಟ್ಟುವುದು ನಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹೆಂಗಸಿನ ಕೆಲಸ. ಒಂದು ಸೆಪ್ಟೆಂಬರಿನ ಬೆಳಗ್ಗೆ ನಾನೂ ಅವರ ಜೊತೆಯಲ್ಲಿದ್ದೆ. ಮೇಸ್ತ್ರಿ ದಾಟಿ ಹೋದ ಒಂದು ಗಿಡದ ಬಳಿ ಆಕೆ ನಿಂತಳು. ಎಲೆಯೆಲ್ಲ ಹಸಿರಾಗಿಯೇ ಇತ್ತು. ಆಕೆ ಕಾಂಡದ ಸುತ್ತ ಹೆಬ್ಬೆರಳನ್ನು ಮೆಲ್ಲಗೆ ಒತ್ತಿ, ಮೇಲಿನಿಂದ ಕೆಳಗೆ ಎಳೆದು, ಒಂದು ಕಡೆ ತಡೆದು ನಿಲ್ಲಿಸಿ, ಏನೂ ಹೇಳದೆ ಪಟ್ಟಿ ಕಟ್ಟಿದಳು. ಮೇಸ್ತ್ರಿ ತಿರುಗಿ ನೋಡಿ ಗದರಿದರು. ನಾನು ಗಿಡವನ್ನು ಕಡಿಸಿದೆ. ಕತ್ತಿಯಿಂದ ಕಾಂಡವನ್ನು ಸೀಳಿದಾಗ, ಒಳಗೆ ಬಿಗಿಯಾಗಿ ಹಿಟ್ಟು ತುಂಬಿದ ಸುರಂಗ, ಅದರ ತುದಿಯಲ್ಲಿ ಕೆನೆಬಣ್ಣದ ಹುಳು. ಆ ಸಾಲಿನಲ್ಲಿ ಆಕೆಯನ್ನೇ ಮುಂದೆ ಬಿಟ್ಟೆ. ಮೇಸ್ತ್ರಿ ದಾಟಿದ್ದ ಇನ್ನೂ ನಾಲ್ಕು ಗಿಡಗಳಿಗೆ ಆಕೆ ಪಟ್ಟಿ ಕಟ್ಟಿದಳು. ನಾಲ್ಕರಲ್ಲಿಯೂ ಹುಳುವಿತ್ತು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿದ್ರೆ ಮೇಸ್ತ್ರಿಗೆ ಬೇಜಾರಾಗ್ತದೆ ಅಮ್ಮ. ಮತ್ತೆ ನಂಗೆ ಕಟ್ಟೋ ಕೆಲಸ ತಾನೇ ಕೊಟ್ಟಿದ್ದು" ಎಂದಳು. ಆ ರಾತ್ರಿ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ತೆಗೆದು ನೋಡಿದೆ. 11 ವರ್ಷಗಳಿಂದ ಆಕೆಯ ಹೆಸರಿನ ಮುಂದೆ ಹಾಜರಿಯ ಗೀಟುಗಳಿದ್ದವು, ಮತ್ತೇನೂ ಇರಲಿಲ್ಲ. ಅಷ್ಟು ವರ್ಷ ನಮ್ಮ ತೋಟದಲ್ಲಿ ಕಾಂಡಕೊರಕಕ್ಕೆ ಹೋದ ಗಿಡಗಳ ಲೆಕ್ಕವೂ ಅದೇ ಬೀರುವಿನಲ್ಲಿತ್ತು.

ಹುಳು ಗುರುತಿಸುವ ಕೆಲಸದ ಪೂರ್ತಿ ಹೊಣೆಯನ್ನು ಆಕೆಗೆ ವಹಿಸಿ, ಆ ದಿನಗಳಿಗೆ ಮೇಸ್ತ್ರಿಯ ಸಂಬಳವನ್ನೇ ಕೊಡುತ್ತೇನೆಂದು ಹೇಳಿದಾಗ ಗಂಡಾಳುಗಳಲ್ಲಿ ಗುಸುಗುಸು ಎದ್ದಿತು. ಮೇಸ್ತ್ರಿ ಎರಡು ದಿನ ಕೆಲಸಕ್ಕೆ ಬರಲಿಲ್ಲ. ನಾನು ಅವರ ಮನೆಗೆ ಹೋದೆ. ಕುಯ್ಲಿನ ಕಾಲದಲ್ಲಿ 40 ಆಳುಗಳನ್ನು ನಾಲ್ಕು ಕಡೆ ಹಂಚಿ, ಸಂಜೆಯ ಒಳಗೆ ಹಣ್ಣನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಮುಟ್ಟಿಸುವ ಕೆಲಸದಲ್ಲಿ ಅವರನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇಲ್ಲ. ಅದನ್ನು ಅವರ ಹೆಂಡತಿ ಮಕ್ಕಳ ಎದುರಿನಲ್ಲಿಯೇ ಹೇಳಿದೆ. ಕಣ್ಣು ಮಂಜಾಗುತ್ತಿದೆ ಎಂದು ಅವರೇ ಒಪ್ಪಿಕೊಂಡರು. ಯೋಗ್ಯರನ್ನು ಮಾತ್ರ ನೇಮಿಸು ಎಂಬ ಆ ಹಾಳೆಯ ಮಾತಿನಲ್ಲಿ, ಜಾಗ ಬಿಟ್ಟುಕೊಡಬೇಕಾದವರ ಮರ್ಯಾದೆಯ ಬಗ್ಗೆ ಒಂದು ಅಕ್ಷರವೂ ಇಲ್ಲವೆಂದು ನನಗೆ ಅಂದು ಅನ್ನಿಸಿತು. ಅದನ್ನು ನೋಡಿಕೊಳ್ಳುವುದೂ ನೇಮಿಸುವವರ ಕೆಲಸವೇ ಆಗಿರಬೇಕು. ಮೂರನೆಯ ದಿನ ಅವರು ಬಂದರು. ಈಗ ಇಬ್ಬರೂ ಬೆಳಗ್ಗೆ ಒಟ್ಟಿಗೆ ನಿಂತು ಯಾವ ಸಾಲಿನಿಂದ ಶುರು ಮಾಡುವುದೆಂದು ಮಾತನಾಡಿಕೊಳ್ಳುತ್ತಾರೆ.

ಗುಮಾಸ್ತನಿಗೆ ನಾನು ಮಾಡಿದ ತಪ್ಪು ಇದರಿಂದ ತೊಳೆದುಹೋಗುವುದಿಲ್ಲ. ಅವನಿಗೆ ಪತ್ರ ಬರೆದೆ. ಸಂಘದ ಈಗಿನ ಮಂಡಳಿಯವರಿಗೂ, ಅಂದಿನ ಸಭೆಯಲ್ಲಿ ನಾನು ಹೇಳದೆ ಉಳಿಸಿದ ಮಾತನ್ನು ಬರವಣಿಗೆಯಲ್ಲಿ ಕೊಟ್ಟು, ಮುಂದಿನ ನೇಮಕಾತಿಗಳಲ್ಲಿ ಅರ್ಜಿದಾರರ ನೆಂಟರು ಮಂಡಳಿಯಲ್ಲಿದ್ದರೆ ಆ ವಿಷಯ ಬಂದಾಗ ಅವರು ಎದ್ದು ಹೊರಗೆ ಹೋಗಬೇಕೆಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮಹಾಸಭೆಯಲ್ಲಿ ಮತ್ತೆ ಕೇಳುತ್ತೇನೆ.

ಈ ಸಲದ ಮಾರ್ಚಿನಲ್ಲಿ ಆಕೆ ತನ್ನ ಅಕ್ಕನ ಮಗನನ್ನು ಕರೆದುಕೊಂಡು ಬಂದು, ಇವನಿಗೂ ಕಣ್ಣು ಚುರುಕಾಗಿ ಉಂಟು, ಕಲಿಸಿದರೆ ಆದಾನು ಎಂದಳು. ನನಗೆ ಮೊದಲು ನೆನಪಾದದ್ದು ಆ ಜೋಡಿ ಮಾತು, ಕೊನೆಯ ಅಕ್ಷರ ಬದಲಾದದ್ದು. ಒಂದು ಕ್ಷಣ ಸುಮ್ಮನಿದ್ದೆ. ಆಮೇಲೆ, ಮಗನಾದನೆಂದು ಹೆಸರು ಹೇಳಲು ಹಿಂಜರಿಯದ ಆ ಮುದುಕ ನೆನಪಾದ. ಆಗಲಿ, ಮೇಲಿನ ಒಂದು ಸಾಲು ನೋಡಲಿ ಎಂದೆ. ಹುಡುಗ ಮಧ್ಯಾಹ್ನದ ಹೊತ್ತಿಗೆ ಏಳು ಗಿಡಗಳಿಗೆ ಪಟ್ಟಿ ಕಟ್ಟಿ ಬಂದು ನೆರಳಿನಲ್ಲಿ ಕುಳಿತ. ಆಕೆ ಬುತ್ತಿಯನ್ನು ಬಿಚ್ಚದೆ ಅದೇ ಸಾಲಿನಲ್ಲಿ ಕೆಳಗಿನಿಂದ ಮೇಲಕ್ಕೆ ನಡೆದಳು. ಪ್ರತಿ ಗಿಡದ ಬಳಿ ಬಗ್ಗಿದಳು, ಹೆಬ್ಬೆರಳು ಎಳೆದಳು. ತುದಿಯವರೆಗೆ ಹೋಗಿ ಹಿಂದಿರುಗಿ ಬಂದು, ನನ್ನ ಕಡೆ ನೋಡದೆ, ಕೈಯಲ್ಲಿದ್ದ ಎರಡು ಪಟ್ಟಿಗಳನ್ನು ಅವನ ಮುಂದೆ ಇಟ್ಟು ಹೇಳಿದಳು: "ಎರಡು ಬಿಟ್ಟಿದ್ದೀಯ. ಎಲ್ಲಿ ಅಂತ ನಾನು ಹೇಳೋದಿಲ್ಲ. ಮೊದಲಿಂದ ನೋಡ್ಕೊಂಡು ಬಾ, ಆಮೇಲೆ ಊಟ."